ಎಮ್87: ಗಾಮಾ ಕಿರಣಗಳ ತವರು ಯಾವುದು?

ಮಾರ್ಚ್ ತಿಂಗಳ ಕೊನೆಯಲ್ಲಿ, ನಡುರಾತ್ರಿಯ ಹೊತ್ತಿಗೆ, ಮೈಸೂರಿನಲ್ಲಿ ನಿಂತು ತಲೆಯೆತ್ತಿದರೆ ನೆತ್ತಿಯ ಮೇಲೆ ಸಿಂಹ ಮತ್ತು ಕನ್ಯಾ ರಾಶಿಗಳ ನಡುವಿನ ಆಕಾಶ ಕಾಣುತ್ತದೆ. ಬರಿಗಣ್ಣಿಗೆ ಅಲ್ಲಿ ವಿಶೇಷವೇನೂ ಇಲ್ಲ. ಹತ್ತು ಸೆಂಟಿಮೀಟರ್ ವ್ಯಾಸದ ಸಣ್ಣ ದೂರದರ್ಶಕವಿದ್ದರೆ ಸಿಂಹದ ಬಾಲದಲ್ಲಿರುವ ಉತ್ತರಾ ನಕ್ಷತ್ರದಿಂದ ಪೂರ್ವಕ್ಕೆ ಸರಿಯುತ್ತಾ ಹೋಗಿ. ಹತ್ತಿಯ ಎಳೆಯಂಥ ಒಂದು ಮಸುಕು ಮಚ್ಚೆ ಸಿಗುತ್ತದೆ. 1781ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಇದನ್ನು ತನ್ನ ಪಟ್ಟಿಯಲ್ಲಿ 87ನೆಯದಾಗಿ ಸೇರಿಸಿದ. ಇದೇ ಎಮ್87. ಇದು ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ದೈತ್ಯ ಗೆಲಾಕ್ಸಿ.

ಈ ಮಚ್ಚೆಯಿಂದ ನಮ್ಮ ಕಣ್ಣಿಗೆ ಕಾಣುವ ಬೆಳಕು ಮಾತ್ರವಲ್ಲ, ರೇಡಿಯೋ ತರಂಗಗಳು, ಎಕ್ಸ್-ಕಿರಣಗಳು ಹಾಗೂ ಅತ್ಯಂತ ಶಕ್ತಿಶಾಲಿಯಾದ ಗಾಮಾ ಕಿರಣಗಳೂ ಬರುತ್ತಿವೆ. ಆಗೊಮ್ಮೆ ಈಗೊಮ್ಮೆ ಗಾಮಾ ಕಿರಣಗಳು ಕೆಲವೇ ದಿನಗಳ ಮಟ್ಟಿಗೆ ಇದ್ದಕ್ಕಿದ್ದಂತೆ ಹೆಚ್ಚಿ ಮತ್ತೆ ಇಳಿಯುತ್ತವೆ. ಇವು ಗೆಲಾಕ್ಸಿಯ ಯಾವ ಜಾಗದಿಂದ ಹೊರಡುತ್ತವೆ? ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಹುಡುಕಲು ಭೂಮಿಯ ಮೇಲಿನ ಹಾಗೂ ಅಂತರಿಕ್ಷದ ಹತ್ತಾರು ದೂರದರ್ಶಕಗಳು ಒಂದೇ ಕಾಲಕ್ಕೆ ಒಂದೇ ಕಡೆ ಮುಖಮಾಡಬೇಕಾಯಿತು. ಏಕೆ ಎಂಬುದನ್ನು ನೋಡೋಣ.

ರೇಡಿಯೋ ಗೆಲಾಕ್ಸಿ ಎಂದರೇನು?

1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಎಮ್87ನ ಛಾಯಾಚಿತ್ರಗಳಲ್ಲಿ ವಿಚಿತ್ರವೊಂದನ್ನು ಗಮನಿಸಿದರು. ಗೆಲಾಕ್ಸಿಯ ನಡುವಿನಿಂದ ನೇರವಾದ ಒಂದು ಬೆಳಕಿನ ಗೆರೆ ಹೊರಟಿತ್ತು. ಅದೇನೆಂದು ಹೇಳಲು ಆಗ ಯಾರಿಗೂ ಸಾಧ್ಯವಾಗಲಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಬೋಲ್ಟನ್, ಗಾರ್ಡನ್ ಸ್ಟಾನ್ಲಿ ಮತ್ತು ಬ್ರೂಸ್ ಸ್ಲೀ, ಕನ್ಯಾ ರಾಶಿಯ ಪ್ರಬಲ ರೇಡಿಯೋ ಆಕರವೊಂದು ಎಮ್87 ಇರುವ ಸ್ಥಾನದಲ್ಲೇ ಇದೆ ಎಂದು ಗುರುತಿಸಿದರು. ಹೀಗೆ ರೇಡಿಯೋ ತರಂಗಗಳಲ್ಲಿ ಅಸಾಮಾನ್ಯವಾಗಿ ಬೆಳಗುವ ಗೆಲಾಕ್ಸಿಗಳನ್ನು ರೇಡಿಯೋ ಗೆಲಾಕ್ಸಿ ಎನ್ನುತ್ತಾರೆ.

ಇವುಗಳ ಕೇಂದ್ರದಲ್ಲಿ ಭಾರೀ ಕಪ್ಪುಕುಳಿ ಇರುತ್ತದೆ. ಎಮ್87ನ ಕಪ್ಪುಕುಳಿಯ ರಾಶಿ ನಮ್ಮ ಸೂರ್ಯನ ಸುಮಾರು 650 ಕೋಟಿ ಪಟ್ಟು. ಸುತ್ತಲಿನ ಅನಿಲ ಸುಳಿಯಾಗಿ ಸುತ್ತುತ್ತಾ ಅದರೊಳಗೆ ಬೀಳುತ್ತದೆ. ಆದರೆ ಎಲ್ಲವೂ ಒಳಗೆ ಹೋಗುವುದಿಲ್ಲ. ಒಂದಷ್ಟು ದ್ರವ್ಯ ಮತ್ತು ಶಕ್ತಿ ಕಾಂತಕ್ಷೇತ್ರಗಳ ಹಿಡಿತಕ್ಕೆ ಸಿಕ್ಕಿ, ಬೆಳಕಿಗೆ ಸಮೀಪದ ವೇಗದಲ್ಲಿ ಎರಡು ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತದೆ. ಈ ಕಾರಂಜಿಗೆ ಜೆಟ್ ಎಂದು ಹೆಸರು. ಕರ್ಟಿಸ್ ಕಂಡದ್ದು ನಮ್ಮ ಕಡೆಗೆ ವಾಲಿರುವ ಜೆಟ್. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ಉದ್ದ ಸುಮಾರು 5,000 ಜ್ಯೋತಿರ್ವರ್ಷ. ಜೆಟ್‌ಗಳು ತುಂಬಿಸಿದ ರೇಡಿಯೋ ಮೋಡವಂತೂ ಎರಡು ಲಕ್ಷ ಜ್ಯೋತಿರ್ವರ್ಷಗಳಿಗೂ ಹೆಚ್ಚು ಅಗಲಕ್ಕೆ ಹರಡಿದೆ.

ಜೆಟ್ ನೆಟ್ಟಗೆ ನಮ್ಮತ್ತಲೇ ಮುಖಮಾಡಿದ್ದರೆ ಆ ಗೆಲಾಕ್ಸಿಯನ್ನು ಬ್ಲೇಜಾರ್ ಎನ್ನುತ್ತಾರೆ. ಬ್ಲೇಜಾರ್ ಬಹಳ ಪ್ರಕಾಶಮಾನ. ಆದರೆ ಎದುರಿನಿಂದ ಬರುವ ವಾಹನದ ದೀಪವನ್ನು ನೋಡಿದಂತೆ, ಕಣ್ಣು ಕೋರೈಸುತ್ತದೆಯೇ ಹೊರತು ಹಿಂದಿನ ವಾಹನದ ಆಕಾರ ತಿಳಿಯುವುದಿಲ್ಲ. ಎಮ್87ನ ಜೆಟ್ ನಮ್ಮ ದೃಷ್ಟಿರೇಖೆಗೆ ಸುಮಾರು 15ರಿಂದ 20 ಡಿಗ್ರಿ ಓರೆಯಾಗಿದೆ. ಆದ್ದರಿಂದ ಅದನ್ನು ಪಕ್ಕದಿಂದ ನೋಡಬಹುದು. ಯಾವ ಭಾಗ ಎಲ್ಲಿದೆ ಎಂದು ವಿಂಗಡಿಸಬಹುದು. ಗೆಲಾಕ್ಸಿ ಹತ್ತಿರವಿದೆ, ಕಪ್ಪುಕುಳಿಯೂ ದೊಡ್ಡದು. ಜೆಟ್‌ಗಳ ಗುಟ್ಟನ್ನು ತಿಳಿಯಲು ಎಮ್87ನಷ್ಟು ಅನುಕೂಲವಾದ ಪ್ರಯೋಗಶಾಲೆ ಅಪರೂಪ.

ಒಂದೇ ಜೆಟ್, ಹಲವು ಬೆಳಕು

ಜೆಟ್‌ನೊಳಗಿನ ಇಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಓಡುತ್ತವೆ. ವೇಗವಾಗಿ ಓಡುವ ಆವೇಶಿತ ಕಣ ಹೀಗೆ ಬಾಗಿದಾಗ ವಿಕಿರಣವನ್ನು ಚೆಲ್ಲುತ್ತದೆ. ಇದು ಸಿಂಕ್ರೊಟ್ರಾನ್ ವಿಕಿರಣ. ಇಂಥ ಬೆಳಕು ಧ್ರುವೀಕರಣಗೊಂಡಿರುತ್ತದೆ. 1956ರಲ್ಲಿ ವಾಲ್ಟರ್ ಬಾಡೆ ಎಮ್87ನ ಜೆಟ್‌ನ ಬೆಳಕು ಧ್ರುವೀಕರಣಗೊಂಡಿರುವುದನ್ನು ತೋರಿಸಿ ಈ ವಿವರಣೆಗೆ ಬಲ ತಂದರು.

ಕಡಿಮೆ ಶಕ್ತಿಯ ಇಲೆಕ್ಟ್ರಾನುಗಳು ರೇಡಿಯೋ ತರಂಗಗಳನ್ನೂ, ಹೆಚ್ಚು ಶಕ್ತಿಯವು ದೃಗ್ಗೋಚರ ಬೆಳಕನ್ನೂ, ಇನ್ನೂ ಹೆಚ್ಚಿನವು ಎಕ್ಸ್-ಕಿರಣಗಳನ್ನೂ ಕೊಡುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಎಕ್ಸ್-ಕಿರಣ ಸೂಸುವ ಇಲೆಕ್ಟ್ರಾನು ದುಂದುಗಾರ. ಕೆಲವು ವರ್ಷ ಅಥವಾ ದಶಕಗಳಲ್ಲೇ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಆದರೆ ಕೇಂದ್ರದಿಂದ ಸಾವಿರಾರು ಜ್ಯೋತಿರ್ವರ್ಷ ದೂರದಲ್ಲೂ ಎಮ್87ನ ಜೆಟ್ ಎಕ್ಸ್-ಕಿರಣಗಳಲ್ಲಿ ಬೆಳಗುತ್ತದೆ. ಅಂದಮೇಲೆ ಆ ಇಲೆಕ್ಟ್ರಾನುಗಳು ಕೇಂದ್ರದಿಂದ ಬುತ್ತಿ ಕಟ್ಟಿಕೊಂಡು ಬಂದವಲ್ಲ. ದಾರಿಯಲ್ಲೇ ಅವುಗಳಿಗೆ ಮತ್ತೆ ಮತ್ತೆ ಶಕ್ತಿ ದೊರೆಯುತ್ತಿರಬೇಕು.

ಗಾಮಾ ಕಿರಣಗಳು ಹುಟ್ಟುವ ಒಂದು ಬಗೆ ಇನ್ನೊಂದು ರೀತಿಯದು. ಶಕ್ತಿವಂತ ಇಲೆಕ್ಟ್ರಾನು ಎದುರಾದ ಸಾಧಾರಣ ಫೋಟಾನಿಗೆ ಡಿಕ್ಕಿ ಹೊಡೆದು ತನ್ನ ಶಕ್ತಿಯನ್ನು ಅದಕ್ಕೆ ದಾಟಿಸುತ್ತದೆ. ಇದಕ್ಕೆ ವಿಲೋಮ ಕಾಂಪ್ಟನ್ ಪರಿಣಾಮ ಎನ್ನುತ್ತಾರೆ. ನಾವಿಲ್ಲಿ ಮಾತಾಡುತ್ತಿರುವ ಗಾಮಾ ಫೋಟಾನಿನ ಶಕ್ತಿ ಒಂದು ಟೆರಾ ಇಲೆಕ್ಟ್ರಾನ್‌ವೋಲ್ಟ್‌ನ ಆಸುಪಾಸಿನದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿಗೆ ಹೋಲಿಸಿದರೆ ಇದು ಸುಮಾರು ಐವತ್ತು ಸಾವಿರ ಕೋಟಿ ಪಟ್ಟು ಹೆಚ್ಚು.

ಗಾಮಾ ನೋಟದ ಮಸುಕು

ಇಷ್ಟು ಶಕ್ತಿಯ ಗಾಮಾ ಕಿರಣ ನೆಲವನ್ನು ಮುಟ್ಟುವುದಿಲ್ಲ. ವಾಯುಮಂಡಲದ ಮೇಲ್ಭಾಗದಲ್ಲಿ ಅದು ಕಣಗಳ ಜಡಿಮಳೆಯಾಗಿ ಒಡೆಯುತ್ತದೆ. ಆ ಕಣಗಳು ಗಾಳಿಯಲ್ಲಿ ಬೆಳಕಿಗಿಂತ ವೇಗವಾಗಿ ಚಲಿಸುವುದರಿಂದ ಕೆಲವೇ ನ್ಯಾನೋಸೆಕೆಂಡುಗಳ ಕಾಲ ನೀಲಿ ಮಿಂಚೊಂದು ಹೊಮ್ಮುತ್ತದೆ. ಇದು ಚೆರೆಂಕೋವ್ ಬೆಳಕು. ನೆಲದ ಮೇಲಿನ ದೊಡ್ಡ ಕನ್ನಡಿಗಳು ಈ ಮಿಂಚನ್ನು ಹಿಡಿದು, ಮೂಲ ಗಾಮಾ ಕಿರಣ ಯಾವ ದಿಕ್ಕಿನಿಂದ ಬಂತು, ಅದರ ಶಕ್ತಿ ಎಷ್ಟು ಎಂದು ಲೆಕ್ಕ ಹಾಕುತ್ತವೆ. ಲಾ ಪಾಲ್ಮಾ ದ್ವೀಪದ ಹೆಗ್ರಾ ದೂರದರ್ಶಕಗಳು 1998 ಮತ್ತು 1999ರಲ್ಲಿ ಎಮ್87ನ್ನು ಗಮನಿಸಿ, ಅಲ್ಲಿಂದ ಇಂಥ ಕಿರಣಗಳು ಬರುತ್ತಿರುವ ಸುಳಿವನ್ನು 2003ರಲ್ಲಿ ಪ್ರಕಟಿಸಿದವು. ನಮೀಬಿಯಾದ ಹೆಸ್ ದೂರದರ್ಶಕಗಳು 2006ರಲ್ಲಿ ಇದನ್ನು ಖಚಿತಪಡಿಸಿದವು.

ತೊಂದರೆ ಇರುವುದು ನೋಟದ ಹರಿತದಲ್ಲಿ. ಇದನ್ನು ಕೋನ ಸೆಕೆಂಡಿನಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಕೋನ ಸೆಕೆಂಡ್. ಪೂರ್ಣಚಂದ್ರನ ಅಗಲ ಸುಮಾರು 1,800 ಕೋನ ಸೆಕೆಂಡ್, ಎಮ್87ನ ಜೆಟ್‌ನ ಉದ್ದ ಸುಮಾರು 20 ಕೋನ ಸೆಕೆಂಡ್. ವಿವಿಧ ಉಪಕರಣಗಳು ಸರಿಸುಮಾರು ಎಷ್ಟು ಸಣ್ಣ ಅಂತರವನ್ನು ಬಿಡಿಸಿ ತೋರಿಸಬಲ್ಲವು ಎಂಬುದನ್ನು ಗಮನಿಸಿ:

ಚೆರೆಂಕೋವ್ ದೂರದರ್ಶಕಗಳು (ಗಾಮಾ ಕಿರಣ): 360 ಕೋನ ಸೆಕೆಂಡ್
ಚಂದ್ರಾ ಉಪಗ್ರಹ (ಎಕ್ಸ್-ಕಿರಣ): 0.5 ಕೋನ ಸೆಕೆಂಡ್
ಹಬಲ್ ದೂರದರ್ಶಕ (ದೃಗ್ಗೋಚರ ಬೆಳಕು): 0.05 ಕೋನ ಸೆಕೆಂಡ್
ವಿಎಲ್‌ಬಿಎ ಜಾಲ (7 ಮಿ.ಮೀ. ರೇಡಿಯೋ): 0.0003 ಕೋನ ಸೆಕೆಂಡ್
ಈವೆಂಟ್ ಹೊರೈಜನ್ ಜಾಲ (1.3 ಮಿ.ಮೀ. ರೇಡಿಯೋ): 0.00002 ಕೋನ ಸೆಕೆಂಡ್

ಅಂದರೆ ಗಾಮಾ ದೂರದರ್ಶಕಕ್ಕೆ ಕಪ್ಪುಕುಳಿ, ಜೆಟ್, ಗೆಲಾಕ್ಸಿಯ ನಡುಭಾಗ ಎಲ್ಲವೂ ಸೇರಿ ಒಂದೇ ಚುಕ್ಕೆ. ಅತಿ ಹೆಚ್ಚು ಶಕ್ತಿಯ ಕಿರಣವನ್ನು ಕಾಣಬಲ್ಲ ಕಣ್ಣೇ ಅತಿ ಮಸುಕಾದದ್ದು!

ಗಡಿಯಾರವೇ ಅಳತೆಗೋಲು

ಒಂದು ಹೋಲಿಕೆ ನೋಡಿ. ರಾತ್ರಿ ದೂರದ ಊರಿನಿಂದ ಪಟಾಕಿಯ ಸದ್ದು ಕೇಳಿಸುತ್ತದೆ. ಸದ್ದು ಆ ಊರಿನದೆಂದು ಗೊತ್ತು, ಯಾವ ಬೀದಿಯದೆಂದು ಕಿವಿಗೆ ತಿಳಿಯದು. ನಿಮ್ಮ ಗೆಳೆಯ ದುರ್ಬೀನು ಹಿಡಿದು ಊರಿನ ಬೀದಿಗಳನ್ನು ನೋಡುತ್ತಿದ್ದಾನೆ. ಅವನಿಗೆ ಸದ್ದಿನ ಪರಿವೆ ಇಲ್ಲ, ಬೆಳಕು ಮಾತ್ರ ಕಾಣುತ್ತದೆ. ಇಬ್ಬರೂ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಂಡರೆ ಆಯಿತು. ಸದ್ದು ನಿಮ್ಮನ್ನು ತಲಪಲು ಹಿಡಿದ ಹೊತ್ತನ್ನು ಕಳೆದು, ಆ ಗಳಿಗೆಯಲ್ಲಿ ಯಾವ ಬೀದಿ ಬೆಳಗಿತ್ತೋ ಸದ್ದು ಅಲ್ಲಿಯದು. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಗೆಳೆಯ ಮರುದಿನ ನೋಡಿದರೆ ಪ್ರಯೋಜನವಿಲ್ಲ. ದೀಪಾವಳಿಯ ರಾತ್ರಿಯಂತೆ ಹಲವು ಬೀದಿಗಳು ಒಟ್ಟಿಗೆ ಬೆಳಗುತ್ತಿದ್ದರೆ ಒಂದು ಸಲದ ಹೊಂದಾಣಿಕೆಯನ್ನು ನಂಬಲಾಗದು.

ಬಹುತರಂಗಾಂತರ ವೀಕ್ಷಣೆಯ ತಿರುಳು ಇಷ್ಟೇ. ಗಾಮಾ ದೂರದರ್ಶಕ 'ಯಾವಾಗ' ಎಂಬುದನ್ನು ಹೇಳುತ್ತದೆ. ಎಕ್ಸ್-ಕಿರಣ ಮತ್ತು ರೇಡಿಯೋ ದೂರದರ್ಶಕಗಳು 'ಎಲ್ಲಿ' ಎಂಬುದನ್ನು ಹೇಳುತ್ತವೆ.

ಗಡಿಯಾರದಿಂದ ಇನ್ನೊಂದು ಲಾಭವೂ ಇದೆ. ಒಂದು ಆಕರದ ಪ್ರಕಾಶ ಎರಡು ದಿನಗಳಲ್ಲಿ ಗಮನಾರ್ಹವಾಗಿ ಬದಲಾದರೆ, ಅದರ ಗಾತ್ರ ಬೆಳಕು ಎರಡು ದಿನಗಳಲ್ಲಿ ಸಾಗುವ ದೂರಕ್ಕಿಂತ ಬಹಳ ದೊಡ್ಡದಿರಲಾರದು. ದೊಡ್ಡದಾಗಿದ್ದರೆ ಅದರ ಹಿಂಬದಿಯ ಬೆಳಕು ತಡವಾಗಿ ಬಂದು ಏರಿಳಿತವನ್ನು ಸವರಿಬಿಡುತ್ತಿತ್ತು. ಎರಡು ದಿನಗಳಲ್ಲಿ ಬೆಳಕು ಸಾಗುವ ದೂರ ಸುಮಾರು 5,200 ಕೋಟಿ ಕಿಲೋಮೀಟರ್. ಎಮ್87ನ ಕಪ್ಪುಕುಳಿಯ ಶ್ವಾರ್ಜ್‌ಶೀಲ್ಡ್ ತ್ರಿಜ್ಯವೇ ಸುಮಾರು 1,900 ಕೋಟಿ ಕಿಲೋಮೀಟರ್! ಆಕರ ನಮ್ಮತ್ತ ವೇಗವಾಗಿ ಬರುತ್ತಿದ್ದರೆ ಈ ಮಿತಿ ಕೆಲವು ಪಟ್ಟು ಸಡಿಲವಾಗುತ್ತದೆ, ನಿಜ. ಆದರೂ ಸಾವಿರಾರು ಜ್ಯೋತಿರ್ವರ್ಷಗಳ ಜೆಟ್ ಪೂರ್ತಿಯಾಗಿ ಹೀಗೆ ಮಿನುಗಲು ಸಾಧ್ಯವೇ ಇಲ್ಲ.

2005: ಇಬ್ಬರು ಶಂಕಿತರು

2005ರಲ್ಲಿ ಹೆಸ್ ದೂರದರ್ಶಕಗಳು ಎಮ್87ನ ಗಾಮಾ ಕಿರಣಗಳು ಸುಮಾರು ಎರಡು ದಿನಗಳ ಅವಧಿಯಲ್ಲಿ ಏರಿಳಿಯುವುದನ್ನು ಕಂಡವು. ಸಹಜವಾಗಿ ಅನುಮಾನ ಕಪ್ಪುಕುಳಿಯ ನೆರೆಹೊರೆಯ ಮೇಲೆ ಬಿತ್ತು. ಅಷ್ಟು ಚಿಕ್ಕ ಜಾಗಕ್ಕೆ ಅದೇ ತಕ್ಕ ಸ್ಥಳ.

ಆದರೆ ಅದೇ ವರ್ಷ ಇನ್ನೊಂದು ಕಡೆಯೂ ಗದ್ದಲ ನಡೆದಿತ್ತು. ಜೆಟ್‌ನಲ್ಲಿ, ಕೇಂದ್ರದಿಂದ ಸುಮಾರು 0.85 ಕೋನ ಸೆಕೆಂಡ್ ಅಂತರದಲ್ಲಿ, ಎಚ್‌ಎಸ್‌ಟಿ-1 ಎಂಬ ಗಂಟು ಇದೆ. ಹಬಲ್ ದೂರದರ್ಶಕದಿಂದ ಈ ಹೆಸರು. ನಿಜದಲ್ಲಿ ಅದು ಕಪ್ಪುಕುಳಿಯಿಂದ ಕನಿಷ್ಠ 200 ಜ್ಯೋತಿರ್ವರ್ಷ ದೂರದಲ್ಲಿದೆ. 2000ದಿಂದ 2005ರ ಹೊತ್ತಿಗೆ ಈ ಗಂಟು ಎಕ್ಸ್-ಕಿರಣಗಳಲ್ಲಿ 50 ಪಟ್ಟಿಗೂ ಹೆಚ್ಚು ಬೆಳಗಿ, ಕೇಂದ್ರವನ್ನೇ ಮೀರಿಸಿತು. ಅದು ಶಿಖರ ಮುಟ್ಟಿದ್ದು ಗಾಮಾ ಕಿರಣಗಳು ಹೆಚ್ಚಿದ ವರ್ಷದಲ್ಲೇ. ಹೀಗಾಗಿ ಗಾಮಾ ಕಿರಣಗಳ ತವರು ಎಚ್‌ಎಸ್‌ಟಿ-1 ಎಂದು ಕೆಲವರು ವಾದಿಸಿದರು. ಅಷ್ಟು ದೂರದಲ್ಲಿ ಅಷ್ಟು ಚಿಕ್ಕ ಜಾಗಕ್ಕೆ ಶಕ್ತಿ ಒಟ್ಟುಗೂಡುವುದು ಹೇಗೆಂಬ ಪ್ರಶ್ನೆ ಉಳಿಯಿತು. ಕಪ್ಪುಕುಳಿಯ ಪಕ್ಷದವರಿಗೂ ನೇರ ಪುರಾವೆ ಇರಲಿಲ್ಲ. ಎರಡು ಬೀದಿಗಳು ಒಟ್ಟಿಗೆ ಬೆಳಗಿದ ರಾತ್ರಿಯಂತಾಯಿತು ಇದು.

2008: ಮೊದಲ ಸ್ಪಷ್ಟ ಸಾಕ್ಷ್ಯ

ಈ ಗೊಂದಲವನ್ನು ಬಿಡಿಸಲೆಂದೇ 2008ರಲ್ಲಿ ದೊಡ್ಡ ಜಂಟಿ ಅಭಿಯಾನ ನಡೆಯಿತು. ನಮೀಬಿಯಾದ ಹೆಸ್, ಲಾ ಪಾಲ್ಮಾದ ಮ್ಯಾಜಿಕ್, ಅಮೆರಿಕದ ಅರಿಜೋನಾದ ವೆರಿಟಾಸ್ ದೂರದರ್ಶಕಗಳು ಸರದಿಯಂತೆ ಎಮ್87ನ್ನು ನೂರಕ್ಕೂ ಹೆಚ್ಚು ಗಂಟೆಗಳ ಕಾಲ ಕಾದವು. ಹವಾಯಿಯಿಂದ ಕೆರೀಬಿಯನ್ ದ್ವೀಪದವರೆಗೆ ಹರಡಿದ 25 ಮೀಟರ್ ವ್ಯಾಸದ ಹತ್ತು ರೇಡಿಯೋ ತಟ್ಟೆಗಳ ವಿಎಲ್‌ಬಿಎ ಜಾಲ ಕೆಲವು ದಿನಗಳಿಗೊಮ್ಮೆ ಜೆಟ್‌ನ ಬುಡದ ಚಿತ್ರ ತೆಗೆಯುತ್ತಿತ್ತು. ಚಂದ್ರಾ ಉಪಗ್ರಹವೂ ಜತೆಗೂಡಿತ್ತು.

ಫೆಬ್ರವರಿಯಲ್ಲಿ ಗಾಮಾ ಕಿರಣಗಳು ಹಲವು ಬಾರಿ ಭುಗಿಲೆದ್ದವು. ಆ ಹೊತ್ತಿನಲ್ಲಿ ಚಂದ್ರಾ ಚಿತ್ರದಲ್ಲಿ ಗೆಲಾಕ್ಸಿಯ ಕೇಂದ್ರ ಎಂದಿಗಿಂತ ಪ್ರಕಾಶಮಾನವಾಗಿತ್ತು, ಎಚ್‌ಎಸ್‌ಟಿ-1 ಮಂಕಾಗಿತ್ತು. ಇನ್ನೂ ಮುಖ್ಯವಾಗಿ, ಅದೇ ಸಮಯಕ್ಕೆ ರೇಡಿಯೋ ತರಂಗಗಳಲ್ಲಿ ಜೆಟ್‌ನ ಬುಡ ಬೆಳಗತೊಡಗಿ, ಮುಂದಿನ ಎರಡು ತಿಂಗಳು ನಿಧಾನವಾಗಿ ಏರುತ್ತಲೇ ಹೋಯಿತು. ಕಪ್ಪುಕುಳಿಯ ಶ್ವಾರ್ಜ್‌ಶೀಲ್ಡ್ ತ್ರಿಜ್ಯದ ಕೆಲವು ಹತ್ತು ಪಟ್ಟಿನಷ್ಟು ಚಿಕ್ಕ ಪ್ರದೇಶ ಅದು.

ಗಾಮಾ ಕಿರಣ ಕೆಲವೇ ದಿನಗಳಲ್ಲಿ ಮುಗಿದರೂ ರೇಡಿಯೋ ಪ್ರಕಾಶ ತಿಂಗಳುಗಟ್ಟಲೆ ಏರಿದ್ದೇಕೆ? ಸೌದೆ ಒಲೆಯ ಹೊಗೆಯನ್ನು ನೆನೆಯಿರಿ. ಒಲೆಯ ಬಾಯಲ್ಲಿ ಅದು ದಟ್ಟವಾಗಿರುತ್ತದೆ, ಆಚೆಗಿನದು ಕಾಣುವುದಿಲ್ಲ. ಮೇಲೇರಿ ಹರಡಿದಂತೆ ತಿಳಿಯಾಗುತ್ತದೆ. ಜೆಟ್‌ನ ಬುಡದಲ್ಲಿ ಚಿಮ್ಮಿದ ದ್ರವ್ಯದ ಉಂಡೆ ಮೊದಲಿಗೆ ಎಷ್ಟು ಸಾಂದ್ರವೆಂದರೆ ತನ್ನದೇ ರೇಡಿಯೋ ತರಂಗಗಳನ್ನು ತಾನೇ ಹೀರಿಕೊಳ್ಳುತ್ತದೆ. ಗಾಮಾ ಕಿರಣಗಳಿಗೆ ಆ ತಡೆ ಇಲ್ಲ, ಅವು ಮೊದಲೇ ಹೊರಬೀಳುತ್ತವೆ. ಉಂಡೆ ಮುಂದೆ ಸಾಗಿ ಹಿಗ್ಗಿದ ಮೇಲೆ ರೇಡಿಯೋ ತರಂಗಗಳಿಗೂ ದಾರಿ ಬಿಡುತ್ತದೆ. ಪಟಾಕಿಯ ಹೋಲಿಕೆಯಲ್ಲಿ ಸದ್ದು ತಡವಾದಂತೆ ಇಲ್ಲಿ ರೇಡಿಯೋ ತಡವಾಗುತ್ತದೆ. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಗಾಮಾ ಕಿರಣಗಳ ಹುಟ್ಟನ್ನು ಕಪ್ಪುಕುಳಿಯ ಪಕ್ಕಕ್ಕೆ ತಂದು ನಿಲ್ಲಿಸಿತು.

ನಿಸರ್ಗದ ಮರುಪ್ರಶ್ನೆ

ಒಂದು ಸಲದ ಹೊಂದಾಣಿಕೆ ಸಾಲದು ಎಂದೆವಲ್ಲವೇ? 2010ರ ಏಪ್ರಿಲ್‌ನಲ್ಲಿ ಎಮ್87 ಮತ್ತೆ ಭುಗಿಲೆದ್ದಿತು. ಈ ಬಾರಿ ಮೂರು ಗಾಮಾ ವೀಕ್ಷಣಾಲಯಗಳ ದತ್ತಾಂಶಗಳನ್ನು ಜೋಡಿಸಿದಾಗ ಏರಿಕೆಯೂ ಇಳಿಕೆಯೂ ಸ್ಪಷ್ಟವಾಗಿ ದಾಖಲಾದವು. ಇಳಿಕೆಗೆ ಹಿಡಿದದ್ದು ಒಂದು ದಿನಕ್ಕೂ ಕಡಿಮೆ. ಸುದ್ದಿ ತಿಳಿದು ಚಂದ್ರಾ ಉಪಗ್ರಹ ಕೆಲವೇ ದಿನಗಳಲ್ಲಿ ತಿರುಗಿ ನೋಡಿದಾಗ ಕೇಂದ್ರದ ಎಕ್ಸ್-ಕಿರಣ ಹೆಚ್ಚಿತ್ತು. ಆದರೆ 2008ರಂತೆ ರೇಡಿಯೋ ಬುಡ ಬೆಳಗಲಿಲ್ಲ. ಕೇಂದ್ರವೇ ಕಾರಣವೆಂಬ ವಾದಕ್ಕೆ ಎಕ್ಸ್-ಕಿರಣ ಬೆಂಬಲ ಕೊಟ್ಟಿತು, ರೇಡಿಯೋ ಮೌನವಾಗಿ ಉಳಿಯಿತು. ಎಲ್ಲ ಭುಗಿಲುಗಳೂ ಒಂದೇ ಬಗೆಯವಲ್ಲ ಎಂಬುದು ಇದರಿಂದ ತಿಳಿದ ಪಾಠ.

2017ರ ಏಪ್ರಿಲ್‌ನಲ್ಲಿ ಈವೆಂಟ್ ಹೊರೈಜನ್ ಜಾಲ ಎಮ್87ನ ಕಪ್ಪುಕುಳಿಯ ನೆರಳನ್ನು ಚಿತ್ರಿಸಿತು. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಆ ಕಿತ್ತಳೆ ಬಣ್ಣದ ಉಂಗುರದ ಚಿತ್ರವನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅದೇ ದಿನಗಳಲ್ಲಿ ರೇಡಿಯೋದಿಂದ ಗಾಮಾ ಕಿರಣದವರೆಗೆ 19 ವೀಕ್ಷಣಾಲಯಗಳು ಎಮ್87ನ್ನು ನೋಡಿದ್ದವು. ಇದರ ವರದಿ 2021ರಲ್ಲಿ ಬಂತು. ಆಗ ಗೆಲಾಕ್ಸಿ ಶಾಂತವಾಗಿತ್ತು. ಭುಗಿಲಿಲ್ಲದ್ದರಿಂದ ನಷ್ಟವೇನೂ ಆಗಲಿಲ್ಲ. ರೋಗಿಯ ಜ್ವರವನ್ನು ಅರಿಯಲು ಆರೋಗ್ಯದ ಕಾಲದ ಉಷ್ಣತೆಯೂ ಗೊತ್ತಿರಬೇಕಷ್ಟೆ. ಉಂಗುರದ ಬಳಿಯ ರೇಡಿಯೋ ಬೆಳಕನ್ನೂ ಅತ್ಯುಚ್ಚ ಶಕ್ತಿಯ ಗಾಮಾ ಕಿರಣಗಳನ್ನೂ ಒಂದೇ ಸರಳ ಪ್ರದೇಶದಿಂದ ವಿವರಿಸಲಾಗದು ಎಂಬುದು ಆ ಲೆಕ್ಕಾಚಾರದಿಂದ ಹೊರಬಂತು.

2018ರ ಏಪ್ರಿಲ್‌ನಲ್ಲಿ ಈವೆಂಟ್ ಹೊರೈಜನ್ ಜಾಲ ಮತ್ತೆ ನೋಡುತ್ತಿದ್ದ ಕಾಲಕ್ಕೇ ಅದೃಷ್ಟ ಒಲಿಯಿತು. ಸುಮಾರು ಮೂರು ದಿನಗಳ ಗಾಮಾ ಭುಗಿಲು ದಾಖಲಾಯಿತು. ಈ ಅಭಿಯಾನದ ವರದಿ 2024ರಲ್ಲಿ ಪ್ರಕಟವಾಗಿದೆ. 2017ಕ್ಕೆ ಹೋಲಿಸಿದರೆ ಉಂಗುರದ ಗಾತ್ರ ಹಾಗೆಯೇ ಇದ್ದರೂ ಅದರ ಅತಿ ಪ್ರಕಾಶದ ಭಾಗ ಸುಮಾರು 30 ಡಿಗ್ರಿ ಸರಿದಿತ್ತು. ಜೆಟ್‌ನ ದಿಕ್ಕಿನಲ್ಲೂ ವ್ಯತ್ಯಾಸ ಕಂಡಿತು. ಈ ಬದಲಾವಣೆಗಳಿಗೂ ಭುಗಿಲಿಗೂ ನಂಟಿದೆಯೇ? ಸಮಯದ ಹೊಂದಾಣಿಕೆ ಕುತೂಹಲಕಾರಿ, ಆದರೆ ಎರಡು ವರ್ಷಗಳ ಎರಡು ಚಿತ್ರಗಳಿಂದ ತೀರ್ಪು ಕೊಡಲಾಗದು.

ಇನ್ನೊಂದು ರೇಡಿಯೋ ಗೆಲಾಕ್ಸಿಯ ಮಾತನ್ನೂ ಇಲ್ಲಿ ಹೇಳಬೇಕು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಸೆಂಟಾರಸ್-ಎ ಗೆಲಾಕ್ಸಿಯ ಗಾಮಾ ಕಿರಣಗಳು ಒಂದು ಚುಕ್ಕೆಯಿಂದಲ್ಲ, ಸಾವಿರಾರು ಜ್ಯೋತಿರ್ವರ್ಷ ಉದ್ದದ ಜೆಟ್‌ನ ಗುಂಟ ಬರುತ್ತಿವೆ ಎಂದು ಹೆಸ್ ತಂಡ 2020ರಲ್ಲಿ ತೋರಿಸಿತು. ಅಂದರೆ ಕೆಲವೇ ದಿನಗಳ ಭುಗಿಲು ಕಪ್ಪುಕುಳಿಯ ಬಳಿಯದಾದರೂ, ಸದಾ ಬರುವ ಮಂದ ಗಾಮಾ ಬೆಳಕಿನಲ್ಲಿ ದೂರದ ಜೆಟ್‌ನ ಪಾಲೂ ಇರಬಹುದು. ಒಂದೇ ತವರು ಇರಲೇಬೇಕೆಂಬ ನಿಯಮವಿಲ್ಲ.

ಹಗಲಾಗದ ಕಾವಲು

ಒಟ್ಟಿಗೆ ನೋಡುವುದು ಹೇಳಿದಷ್ಟು ಸುಲಭವಲ್ಲ. ಚೆರೆಂಕೋವ್ ದೂರದರ್ಶಕಗಳಿಗೆ ಕತ್ತಲೆ ಬೇಕು, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳು ವ್ಯರ್ಥ. ಎಕ್ಸ್-ಕಿರಣ ಉಪಗ್ರಹಗಳು ಸೂರ್ಯನ ಸಮೀಪದ ಆಕಾಶವನ್ನು ನೋಡುವಂತಿಲ್ಲ. ಮಿಲಿಮೀಟರ್ ರೇಡಿಯೋ ತರಂಗಗಳನ್ನು ಗಾಳಿಯ ತೇವ ನುಂಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಭೂಮಿ ತಿರುಗುತ್ತದೆ. ಲಾ ಪಾಲ್ಮಾ, ನಮೀಬಿಯಾಗಳಲ್ಲಿ ಬೆಳಗಾದ ಮೇಲೆ ಅರಿಜೋನಾ ನೋಡುತ್ತದೆ. ಅರಿಜೋನಾದಲ್ಲಿ ಬೆಳಗಾದ ಮೇಲೆ? ಶಾಂತಸಾಗರ ಮತ್ತು ಏಷ್ಯಾದ ಉದ್ದಕ್ಕೂ ಕಾವಲು ತಪ್ಪುತ್ತದೆ. ಒಂದೇ ದಿನದಲ್ಲಿ ಇಳಿದುಹೋಗುವ ಭುಗಿಲಿಗೆ ಹತ್ತು ಹನ್ನೆರಡು ಗಂಟೆಗಳ ಕುರುಡು ಚಿಕ್ಕದೇನಲ್ಲ.

ಇಲ್ಲಿಯೇ ಲಡಾಖಿನ ಹಾನ್ಲೆಯ ಮಹತ್ವವಿದೆ. ರೇಖಾಂಶದಲ್ಲಿ ಅದು ಅರಿಜೋನಾದಿಂದ ಭೂಮಿಯ ಬಹುತೇಕ ಎದುರು ಬದಿಗೆ ಬರುತ್ತದೆ. 4,270 ಮೀಟರ್ ಎತ್ತರದ ಅಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಸ್ಥಾಪಿಸಿದ ಏಳು ದೂರದರ್ಶಕಗಳ ಹಗಾರ್ ವ್ಯೂಹ 2008ರಲ್ಲಿ ಕೆಲಸ ಆರಂಭಿಸಿತು. ಭಾಭಾ ಅಣು ಸಂಶೋಧನಾ ಕೇಂದ್ರದ 21 ಮೀಟರ್ ವ್ಯಾಸದ ಮೇಸ್ ದೂರದರ್ಶಕ 2024ರ ಅಕ್ಟೋಬರ್ 4ರಂದು ಅಲ್ಲಿ ಉದ್ಘಾಟನೆಯಾಯಿತು. ಹಾನ್ಲೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಒಂದೇ ನೌಕೆಯಿಂದ ಅತಿನೇರಿಳೆ ಹಾಗೂ ಎಕ್ಸ್-ಕಿರಣಗಳನ್ನು ಏಕಕಾಲಕ್ಕೆ ನೋಡುವ ಉದ್ದೇಶದಿಂದಲೇ ಇಸ್ರೋ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹಾರಿಸಿತು.

ಲಾ ಪಾಲ್ಮಾ ಹಾಗೂ ಚಿಲಿಯಲ್ಲಿ ನಿರ್ಮಾಣವಾಗುತ್ತಿರುವ ಚೆರೆಂಕೋವ್ ದೂರದರ್ಶಕಗಳ ಮಹಾವ್ಯೂಹ ಗಾಮಾ ನೋಟವನ್ನು ಇನ್ನಷ್ಟು ಹರಿತಗೊಳಿಸಲಿದೆ. ಆದರೂ ಅದು ಕಪ್ಪುಕುಳಿಯನ್ನು ಜೆಟ್‌ನಿಂದ ಬೇರ್ಪಡಿಸಿ ತೋರಿಸುವಷ್ಟು ಹರಿತವಾಗದು. ಆದ್ದರಿಂದ ಮುಂದೆಯೂ ವಿಜ್ಞಾನಿಗಳು ಗಡಿಯಾರವನ್ನೇ ನೆಚ್ಚಬೇಕು. ಎಮ್87 ಮುಂದಿನ ಸಲ ಭುಗಿಲೆದ್ದಾಗ ಎಷ್ಟು ಕಣ್ಣುಗಳು ಆ ಕಡೆ ತೆರೆದಿರುತ್ತವೆ ಎಂಬುದರ ಮೇಲೆ, ಅದು ಬಿಟ್ಟುಕೊಡುವ ಗುಟ್ಟು ಎಷ್ಟು ಎಂಬುದು ನಿಂತಿದೆ.